ಕೌಂಟ್ ಏರಿಸುವ ಸೂಜಿ: ದಾವಣಗೆರೆಯಲ್ಲಿ ನನ್ನ ಆರು ತಿಂಗಳು

ಹೋದ ಗುರುವಾರ ನನ್ನ ಕೊನೆಯ ಕೀಮೋ ಮುಗಿಯಿತು. ನನಗಿದ್ದದ್ದು ಸ್ತನ ಕ್ಯಾನ್ಸರ್. ಆಪರೇಷನ್ ಆದ ಮೇಲೆ ಒಟ್ಟು 16 ಸಲ ಕೀಮೋ ಆಯಿತು. ಮೊದಲ ನಾಲ್ಕು ಸಲ ಮೂರು ವಾರಕ್ಕೊಮ್ಮೆ. ಡೇ ಕೇರ್‌ನಲ್ಲಿ (ಕೀಮೋ ಹಾಕಿ ಅವತ್ತೇ ಮನೆಗೆ ಕಳಿಸುವ ವಿಭಾಗ) ಎಲ್ಲರೂ ಕೆಂಪು ಔಷಧಿ ಅನ್ನುತ್ತಾರಲ್ಲ, ಅದು. ಆಮೇಲೆ ವಾರಕ್ಕೊಮ್ಮೆಯಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ.

ಕೂದಲು ಉದುರುತ್ತದೆ, ವಾಂತಿ ಬರುತ್ತದೆ ಎಂದು ಎಲ್ಲರೂ ಮೊದಲೇ ಹೇಳಿದ್ದರು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ನನ್ನನ್ನು ಜಾಸ್ತಿ ಸುಸ್ತು ಮಾಡಿದ್ದು ಕೌಂಟ್. ಅಂದರೆ ಬಿಳಿ ರಕ್ತಕಣದ ಲೆಕ್ಕ. ಅದನ್ನು ಏರಿಸುವ ಸೂಜಿಯ ಬಗ್ಗೆ ನಮಗೆ ಏನೇನೂ ಗೊತ್ತಿರಲಿಲ್ಲ. ಯಾವಾಗ ಹಾಕಬೇಕು, ಎಲ್ಲಿಡಬೇಕು, ಯಾರು ಹಾಕುತ್ತಾರೆ, ಆಮೇಲೆ ಮೈ ಯಾಕೆ ಹೀಗೆ ನೋಯುತ್ತದೆ, ಎಲ್ಲವನ್ನೂ ಪೆಟ್ಟು ತಿಂದೇ ಕಲಿತೆವು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈಗ ಕೀಮೋ ಶುರುವಾಗುತ್ತಿದ್ದರೆ ನಮ್ಮಷ್ಟು ಪರದಾಡಬಾರದು ಎಂದು ಬರೆಯುತ್ತಿದ್ದೇನೆ.

ನಮ್ಮ ಮನೆ ನಿಟುವಳ್ಳಿಯಲ್ಲಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಯಜಮಾನರು ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ಬಿ.ಕಾಂ. ಎರಡನೇ ವರ್ಷ.

ಮೊದಲ ಕೀಮೋ ಫೆಬ್ರವರಿಯಲ್ಲಿ. ಮೂರು ದಿನ ಹೊಟ್ಟೆ ತೊಳಸಿತು, ಆಮೇಲೆ ಚೆನ್ನಾಗೇ ಇದ್ದೆ. ಒಂಬತ್ತನೇ ದಿನ ಎರಡು ಬ್ಲೌಸ್ ಕೂಡ ಹೊಲಿದೆ. ಹತ್ತನೇ ದಿನ ಸಂಜೆ ಚಳಿ ಬಂತು. ಥರ್ಮಾಮೀಟರ್ 101 ತೋರಿಸಿತು. ಬಿಸಿಲಿಗೆ ಓಡಾಡಿದ್ದಕ್ಕೆ ಇರಬೇಕು, ಬೆಳಗ್ಗೆ ನೋಡೋಣ ಅಂದೆ. ಮಗಳು ಕೇಳಲಿಲ್ಲ. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ '100.4 ದಾಟಿದರೆ ಕೂಡಲೇ ಬನ್ನಿ' ಎಂದು ಇದ್ದದ್ದನ್ನು ಅವಳೇ ಓದಿ ಹೇಳಿದಳು. ರಾತ್ರಿ ಎಂಟೂವರೆಗೆ ಆಟೋ ಹತ್ತಿದೆವು.

ಅಲ್ಲಿ ನಾವು ಒಂದು ತಪ್ಪು ಮಾಡಿದೆವು. ಬಾಗಿಲಲ್ಲಿ ಏನು ತೊಂದರೆ ಎಂದು ಕೇಳಿದಾಗ ಯಜಮಾನರು "ಜ್ವರ" ಅಂದರು, ಅಷ್ಟೇ. ಜ್ವರದವರ ಸಾಲಿನಲ್ಲಿ ಕೂರಿಸಿದರು. ಅಕ್ಕಪಕ್ಕ ಕೆಮ್ಮುವವರು, ಅಳುವ ಮಕ್ಕಳು. ಒಂದೂವರೆ ಗಂಟೆ ಹಾಗೇ ಕೂತಿದ್ದೆ. ಹಲ್ಲು ಕಟಕಟ ಅನ್ನುತ್ತಿತ್ತು. ಕೊನೆಗೆ ಒಬ್ಬ ಸಿಸ್ಟರ್ ನನ್ನ ತಲೆಯ ಸ್ಕಾರ್ಫ್ ನೋಡಿ, "ಅಮ್ಮಾ, ನಿಮಗೆ ಕೀಮೋ ನಡೀತಾ ಐತಾ?" ಎಂದು ಕೇಳಿದರು. ಹೂಂ ಅಂದ ಐದು ನಿಮಿಷಕ್ಕೆ ಒಳಗೆ ಮಲಗಿಸಿ ರಕ್ತ ತೆಗೆದರು, ರಿಪೋರ್ಟ್ ಬರುವ ಮೊದಲೇ ಆ್ಯಂಟಿಬಯಾಟಿಕ್ ಹಾಕಿದರು.

ಆದ್ದರಿಂದ ಆಸ್ಪತ್ರೆ ಬಾಗಿಲಲ್ಲಿ ಮೊದಲ ಮಾತೇ ಹೀಗಿರಲಿ: "ಕೀಮೋ ಪೇಷಂಟ್, ಇಷ್ಟನೇ ದಿನ, ಇಷ್ಟು ಜ್ವರ." ಕೀಮೋ ಫೈಲನ್ನು ಕೈಯಲ್ಲೇ ಹಿಡಿದುಕೊಳ್ಳಿ.

ನನ್ನ ರಿಪೋರ್ಟಿನಲ್ಲಿ ಬಿಳಿ ರಕ್ತಕಣ ಒಟ್ಟು 900 ಇತ್ತು. ಸಾಮಾನ್ಯವಾಗಿ 4,000ದಿಂದ 11,000 ಇರಬೇಕು. ಅದರಲ್ಲೂ ನ್ಯೂಟ್ರೋಫಿಲ್ ಎಂಬ ಬಗೆಯ ಕಣ ಶೇ. 20. ಒಟ್ಟು ಲೆಕ್ಕವನ್ನು ಶೇಕಡಾದಿಂದ ಗುಣಿಸಿದರೆ ಬರುವ ಸಂಖ್ಯೆಯೇ ಮುಖ್ಯವಂತೆ. ನನ್ನದು 180. ಅದು 500ಕ್ಕಿಂತ ಕಡಿಮೆ ಇದ್ದಾಗ ಜ್ವರ ಬಂದರೆ ಜೀವಕ್ಕೇ ಅಪಾಯ ಎಂದು ಬೆಳಗ್ಗೆ ಡಾಕ್ಟರ್ ಹೇಳಿದರು. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ. ಕ್ಯಾನ್ಸರಿನದ್ದು ಹೇಗೋ, ಮೂಳೆಯೊಳಗಿನ ಮಜ್ಜೆಯದ್ದೂ ಹಾಗೆಯೇ. ರಕ್ತಕಣ ತಯಾರಾಗುವುದು ಅಲ್ಲೇ. ಹಾಗಾಗಿ 7ರಿಂದ 14ನೇ ದಿನದೊಳಗೆ ಕೌಂಟ್ ತಳ ಮುಟ್ಟುತ್ತದೆ. ಸೋಂಕು ಬಂದಾಗ ಮೊದಲು ಓಡಿ ಬರುವ ಕಣವೇ ನ್ಯೂಟ್ರೋಫಿಲ್. ಅದೇ ಇಲ್ಲದಿದ್ದರೆ ನಮ್ಮ ಬಾಯಿಯಲ್ಲಿ, ಕರುಳಲ್ಲಿ ಇರುವ ಸಾಮಾನ್ಯ ರೋಗಾಣುವೂ ಸಾಕು.

ಐದು ದಿನ ಆಸ್ಪತ್ರೆ. ನಮ್ಮದು ಎಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದದ್ದು ಕೈಯಿಂದ. ಆ ಐದು ದಿನಕ್ಕೆ ನಮಗೆ 28,000 ರೂಪಾಯಿ ಹೋಯಿತು. ನನ್ನ ಹೊಲಿಗೆಯ ನಾಲ್ಕು ತಿಂಗಳ ದುಡಿಮೆ ಅದು.

ಎರಡನೇ ಕೀಮೋಗೆ ಹೋದ ದಿನ ಇನ್ನೊಂದು ಪೆಟ್ಟು. ಯಜಮಾನರು ಮಿಲ್ಲಿಗೆ ರಜೆ ಹಾಕಿದ್ದರು, ಮಗಳು ಕಾಲೇಜು ಬಿಟ್ಟಿದ್ದಳು. ಬೆಳಗ್ಗೆ ಆರಕ್ಕೇ ಎದ್ದು, ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟೆ. (ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ತಿಂಡಿ ತಿಂದೇ ಹೋಗಿ.) ಹನ್ನೊಂದಕ್ಕೆ ರಿಪೋರ್ಟ್ ಬಂತು. ಒಟ್ಟು 2,400, ನ್ಯೂಟ್ರೋಫಿಲ್ ಶೇ. 38. ಗುಣಿಸಿದರೆ 912. "ಕೌಂಟ್ ಸಾಲದು, ಮುಂದಿನ ವಾರ ಬನ್ನಿ" ಅಂದರು. ಕೀಮೋ ಅಂದರೆ ಹೆದರಿ ನಡುಗುತ್ತಿದ್ದವಳು ಅವತ್ತು ಕೀಮೋ ಕೊಡಲಿಲ್ಲ ಎಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಒಂದು ವಾರ ತಡವಾದರೆ ಒಳಗಿರುವ ರೋಗ ಮತ್ತೆ ಬೆಳೆಯುತ್ತದಾ ಎನ್ನುವ ಯೋಚನೆ ಆ ಏಳು ರಾತ್ರಿಯೂ ನಿದ್ದೆ ಕೊಡಲಿಲ್ಲ. ಒಂದು ವಾರದ ತಡ ಆಗಾಗ ಆಗುವಂಥದ್ದೇ, ಅದಕ್ಕೆ ಹೆದರಬೇಡಿ ಎಂದು ಡಾಕ್ಟರ್ ಹೇಳಿದ್ದು ಮುಂದಿನ ಮಂಗಳವಾರ, ನಾನು ಬಾಯಿಬಿಟ್ಟು ಕೇಳಿದ ಮೇಲೆ. ಅವತ್ತೇ ಕೇಳಬೇಕಿತ್ತು.

ಆ ಮಂಗಳವಾರ ಕೌಂಟ್ ಸರಿಯಾಗಿತ್ತು, ಕೀಮೋ ಆಯಿತು. ಈ ಸಲ ಚೀಟಿಯಲ್ಲಿ ಹೊಸದೊಂದು ಸೇರಿತ್ತು. ಫಿಲ್‌ಗ್ರಾಸ್ಟಿಮ್ 300 ಮೈಕ್ರೋಗ್ರಾಂ, ದಿನಕ್ಕೊಂದರಂತೆ ಐದು ದಿನ. ಗ್ರಾಫೀಲ್, ನ್ಯೂಕೈನ್ ಎಂದೆಲ್ಲ ಬೇರೆ ಬೇರೆ ಕಂಪನಿಯ ಹೆಸರಲ್ಲಿ ಸಿಗುವುದು ಇದೇ ಔಷಧಿ. ನಮ್ಮ ದೇಹದಲ್ಲೇ ಇರುವ, ಮಜ್ಜೆಗೆ 'ನ್ಯೂಟ್ರೋಫಿಲ್ ಮಾಡು' ಎಂದು ಹೇಳುವ ಒಂದು ಪ್ರೋಟೀನನ್ನು ಹೊರಗೆ ತಯಾರಿಸಿ ಕೊಡುತ್ತಾರೆ. ತೂಕ ನೋಡಿ ಪ್ರಮಾಣ ಬರೆಯುತ್ತಾರೆ, ಕೆ.ಜಿ.ಗೆ 5 ಮೈಕ್ರೋಗ್ರಾಂ ಲೆಕ್ಕ. ನನ್ನ ತೂಕ 58 ಕೆ.ಜಿ., ಹಾಗಾಗಿ 300.

ಇದರಲ್ಲಿ ಗಂಟೆಯ ಲೆಕ್ಕ ತುಂಬಾ ಮುಖ್ಯ. ಕೀಮೋ ಮುಗಿದು ಕನಿಷ್ಠ 24 ಗಂಟೆ ಆಗಿರಬೇಕು. ಮೊದಲೇ ಹಾಕಿದರೆ, ಸೂಜಿಯಿಂದ ಎದ್ದು ಬೆಳೆಯತೊಡಗಿದ ಹೊಸ ಕಣಗಳನ್ನು ಮೈಯಲ್ಲಿ ಇನ್ನೂ ಇರುವ ಕೀಮೋ ಹೊಡೆದು ಹಾಕುತ್ತದೆ. ನನ್ನ ಕೀಮೋ ಮುಗಿದದ್ದು ಮಂಗಳವಾರ ಸಂಜೆ ನಾಲ್ಕಕ್ಕೆ. ನಮ್ಮ ಬೀದಿಯ ಕ್ಲಿನಿಕ್‌ನಲ್ಲಿ ಸೂಜಿ ಹಾಕುವವರು, "ಬುಧವಾರ ಬೆಳಗ್ಗೆ ಹತ್ತಕ್ಕೇ ಬನ್ನಿ, ಸಂಜೆ ನಾನು ಇರಲ್ಲ" ಅಂದಿದ್ದರು. ಮಗಳು ಡೇ ಕೇರ್‌ಗೆ ಫೋನ್ ಮಾಡಿ ಕೇಳಿದ್ದರಿಂದ ಬಚಾವಾದೆವು. ನಾಲ್ಕಾದ ಮೇಲೇ ಹಾಕಿಸಿ ಎಂದರು. ಸಂಜೆ ಹೋದರೆ ಅಲ್ಲಿದ್ದ ಇನ್ನೊಬ್ಬರು ಡಬ್ಬಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಅಕ್ಕಾ, ಕೀಮೋದವರಿಗೆ ನಾವು ಹಾಕಲ್ಲ. ಏನಾದ್ರೂ ಆದ್ರೆ ನಮ್ಮ ತಲೆಗೆ ಬರ್ತೈತಿ." ಸಂಜೆ ಐದಾಗಿತ್ತು. ಸೂಜಿ ತಣ್ಣಗಿರಲೆಂದು ಜೊತೆಗಿಟ್ಟ ಐಸ್ ಕೈಯಲ್ಲೇ ಕರಗುತ್ತಿದೆ. ಆಟೋ ಹಿಡಿದು ಮತ್ತೆ ಆಸ್ಪತ್ರೆಗೇ ಹೋದೆವು. ಸೂಜಿಗೆ ಒಂದು ನಿಮಿಷ, ಕಾಯಲು ಮುಕ್ಕಾಲು ಗಂಟೆ, ಆಟೋಗೆ ಹೋಗಿ ಬರಲು 160 ರೂಪಾಯಿ.

ಐದು ದಿನ ಹೀಗೆ ಓಡಾಡಲು ಆಗುವುದಿಲ್ಲ ಎಂದು ಮಗಳೇ ಮುಂದೆ ಬಂದಳು. "ನಾನೇ ಕಲೀತೀನಿ ಅಮ್ಮ." ಸಿಸ್ಟರ್ ಎರಡನೇ ದಿನ ಅವಳನ್ನು ಪಕ್ಕದಲ್ಲಿ ನಿಲ್ಲಿಸಿ ತೋರಿಸಿದರು, ಮೂರನೇ ದಿನ ತಮ್ಮೆದುರು ಅವಳ ಕೈಯಲ್ಲೇ ಹಾಕಿಸಿದರು. ಇದು ನರಕ್ಕೆ ಹಾಕುವುದಲ್ಲ, ಚರ್ಮದ ಕೆಳಗಿನ ಕೊಬ್ಬಿಗೆ. ಹೊಕ್ಕುಳಿನಿಂದ ಎರಡು ಇಂಚಿಗಿಂತ ಜಾಸ್ತಿ ದೂರ, ಇಲ್ಲವೇ ತೊಡೆಯ ಮುಂಭಾಗ. ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸೂಜಿ ಚುಚ್ಚಿ ನಿಧಾನ ಒತ್ತಬೇಕು. ಆಮೇಲೆ ಉಜ್ಜಬಾರದು. ದಿನಾ ಜಾಗ ಬದಲಿಸಬೇಕು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟರೆ ಉರಿ ಕಡಿಮೆ. ಬಿಸಿನೀರಿನಲ್ಲಿ ಇಡುವುದು, ಬಿಸಿಲಿಗೆ ಇಡುವುದು, ಅಲ್ಲಾಡಿಸುವುದು ಯಾವುದೂ ಕೂಡದು. ಮೊದಲ ದಿನ ಅವಳ ಕೈ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸಲೂ ಬೇಸರ ಮಾಡಿಕೊಳ್ಳುವ ಹುಡುಗಿ ನನ್ನ ಹೊಟ್ಟೆಗೆ ಸೂಜಿ ಚುಚ್ಚಿ, ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಅತ್ತಿದ್ದು ಗೊತ್ತಾಯಿತು, ಕೇಳಲಿಲ್ಲ. ಆಸ್ಪತ್ರೆಯವರು ಮುಂದೆ ನಿಂತು ಕಲಿಸಿದರೆ ಮಾತ್ರ ಮನೆಯಲ್ಲಿ ಹಾಕಿ. ನೋಡಿ ಕಲಿಯದೆ ಪ್ರಯೋಗ ಮಾಡಬೇಡಿ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಸಿಟ್ಟು ಆಸ್ಪತ್ರೆಗೇ ಕೊಟ್ಟು ಬರುತ್ತಿದ್ದೆವು. ಕಸದ ಗಾಡಿಗೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಈಗ ಫ್ರಿಜ್ಜಿನ ಮಾತು. ಈ ಔಷಧಿ 2ರಿಂದ 8 ಡಿಗ್ರಿ ತಣ್ಣಗಿರಬೇಕು. ನಮಗೆ ಮೊದಲು ಸಿಕ್ಕಿದ ಅಂಗಡಿಯವರು ಬರೀ ಕಾಗದದ ಕವರಿಗೆ ಹಾಕಿ ಕೊಟ್ಟರು. ದಾವಣಗೆರೆಯ ಮಾರ್ಚ್ ಬಿಸಿಲು ಹೇಗಿರುತ್ತದೆ, ನಿಮಗೇ ಗೊತ್ತು. ಯಜಮಾನರು ತಗೊಳ್ಳಲಿಲ್ಲ. ಪಿ.ಜೆ. ಬಡಾವಣೆ ಕಡೆ ಇನ್ನೊಂದು ಮೆಡಿಕಲ್ ಶಾಪ್‌ನಲ್ಲಿ ಥರ್ಮಾಕೋಲ್ ಡಬ್ಬಿಗೆ ಐಸ್ ಪ್ಯಾಕ್ ಇಟ್ಟು ಕೊಟ್ಟರು. ಒಂದಕ್ಕೆ 870 ರೂಪಾಯಿ. ಡಬ್ಬಿಯ ಮೇಲಿನ ಬೆಲೆ ಇನ್ನೂ ಜಾಸ್ತಿ ಇತ್ತು. ಅಂಗಡಿಯಿಂದ ಅಂಗಡಿಗೆ ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇರುತ್ತದೆ, ನಾಲ್ಕು ಕಡೆ ಕೇಳಿ. ಆದರೆ ಅಗ್ಗಕ್ಕಿಂತ ಮೊದಲು, ಅವರ ಫ್ರಿಜ್ಜಿನಿಂದ ನಿಮ್ಮೆದುರೇ ತೆಗೆದು ಕೊಡುತ್ತಾರಾ ಅಂತ ನೋಡಿ. ಒಯ್ದ ಮೇಲೆ ವಾಪಸ್ ತಗೊಳ್ಳುವುದಿಲ್ಲ. ಹಾಗಾಗಿ ಎರಡೆರಡೇ ತನ್ನಿ.

ನಾವು ಐದೂ ಒಟ್ಟಿಗೆ ತಂದಿದ್ದೆವು. ನಮ್ಮದು ಹಳೇ ಒಂದೇ ಬಾಗಿಲಿನ ಫ್ರಿಜ್. ಜೋಪಾನ ಮಾಡಬೇಕೆಂದು ನಾನೇ ಫ್ರೀಜರಿನ ಕೆಳಗಿನ ಟ್ರೇಯಲ್ಲಿ, ಹಿಂದಕ್ಕೆ ತಳ್ಳಿ ಇಟ್ಟೆ. ನಾಲ್ಕನೇ ದಿನ ತೆಗೆದರೆ ಒಂದು ಸಿರಿಂಜ್ ಗಟ್ಟಿಯಾಗಿ ಮಂಜು ಕಟ್ಟಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ. ಫೋನ್ ಮಾಡಿದರೆ ಅದನ್ನು ಹಾಕಬೇಡಿ ಅಂದರು. ಆ 870 ರೂಪಾಯಿಗೆ ಹೊಟ್ಟೆ ಉರಿಯಿತು. ನಡುವಿನ ಟ್ರೇಯಲ್ಲಿ, ಮುಂದಕ್ಕೆ ಇಡಿ. ಫ್ರಿಜ್ ಬಾಗಿಲಿನಲ್ಲೂ ಬೇಡ. ತೆಗೆದು ಮುಚ್ಚುವಾಗೆಲ್ಲ ಅಲ್ಲಿ ಬಿಸಿಯಾಗುತ್ತದೆ.

ನಾಲ್ಕನೇ ಸೂಜಿಯ ರಾತ್ರಿ ನೋವು ಶುರುವಾಯಿತು. ಸೊಂಟ, ಬೆನ್ನಿನ ಕೆಳಗೆ, ತೊಡೆ, ಎದೆಯ ನಡುಮೂಳೆ. ಮೂಳೆಯ ಒಳಗೆ ಯಾರೋ ಕುಟ್ಟಿದ ಹಾಗೆ, ಎದೆ ಬಡಿದುಕೊಳ್ಳುವ ತಾಳಕ್ಕೇ ಅದೂ ಬಡಿಯುತ್ತಿತ್ತು. ಮಗ್ಗುಲು ಬದಲಿಸಲೂ ಆಗಲಿಲ್ಲ. ಯಜಮಾನರು ಕಾಲು ಒತ್ತುತ್ತಾ ಕೂತಿದ್ದರು. ಇಬ್ಬರ ತಲೆಯಲ್ಲೂ ಒಂದೇ ಮಾತು ಇತ್ತು, ಇಬ್ಬರೂ ಹೇಳಲಿಲ್ಲ. ಕ್ಯಾನ್ಸರ್ ಮೂಳೆಗೆ ಹೋಯಿತಾ?

ಬೆಳಗ್ಗೆ ಡಾಕ್ಟರ್ ಹೇಳಿದ್ದು ಕೇಳಿ ಹೋದ ಜೀವ ಬಂತು. ಮಜ್ಜೆ ಜೋರಾಗಿ ಕೆಲಸ ಮಾಡುತ್ತಿರುವುದರಿಂದ ಬರುವ ನೋವು ಅದು. ತುಂಬಾ ಜನರಿಗೆ ಬರುತ್ತದೆ, ಸೂಜಿ ನಿಲ್ಲಿಸಿದ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಪ್ಯಾರಾಸಿಟಮಾಲ್ ತಗೊಳ್ಳಬಹುದು ಅಂದರು. ಆದರೆ ಮಾತ್ರೆ ನುಂಗುವ ಮೊದಲು ಜ್ವರ ನೋಡಲೇಬೇಕು, ಯಾಕೆಂದರೆ ಅದೇ ಮಾತ್ರೆ ಜ್ವರವನ್ನು ಮುಚ್ಚಿಬಿಡುತ್ತದೆ. ದಯವಿಟ್ಟು ಈ ಮಾತನ್ನು ನೆನಪಿಡಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ಗಂಟೆ, ಜ್ವರ, ಮಾತ್ರೆ ಮೂರನ್ನೂ ಬರೆಯುತ್ತಿದ್ದೆ. ಮುಂದಿನ ಸಲ ಅಲರ್ಜಿಗೆ ಕೊಡುವ ಲೊರಾಟಡಿನ್ ಮಾತ್ರೆಯನ್ನೂ ಬರೆದುಕೊಟ್ಟರು. ನನಗೆ ಅದು ಸ್ವಲ್ಪ ಹಿಡಿಯಿತು. ಬೇರೆ ನೋವಿನ ಮಾತ್ರೆ ನೀವಾಗಿಯೇ ತಗೊಳ್ಳಬೇಡಿ. ಹೊಟ್ಟೆಯ ಎಡಭಾಗ ಮೇಲುಗಡೆ ಇಲ್ಲವೇ ಎಡ ಭುಜದ ತುದಿಯಲ್ಲಿ ನೋವು ಬಂದರೆ ಮಾತ್ರ ಕಾಯದೆ ಬನ್ನಿ ಎಂದೂ ಹೇಳಿದರು. ಅಪರೂಪಕ್ಕೆ ಅಲ್ಲಿರುವ ಗುಲ್ಮ (ಸ್ಪ್ಲೀನ್) ಎಂಬ ಅಂಗಕ್ಕೆ ಪೆಟ್ಟಾಗುತ್ತದಂತೆ.

ಅದೇ ಹೊತ್ತಿಗೆ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ನಮ್ಮೂರಲ್ಲಿ ಮನೆ ಮನೆಗೂ ನೆಂಟರು. ಬರಬೇಡಿ ಅನ್ನುವುದು ಹೇಗೆ? ಜಗಳೂರಿಂದ, ಹೊನ್ನಾಳಿಯಿಂದ ಹದಿನಾಲ್ಕು ಜನ ಬಂದರು. ನಾನು ಅಷ್ಟೂ ದಿನ ಮೇಲಿನ ರೂಮಿನಲ್ಲೇ ಇದ್ದೆ. ಮದುವೆಯಾಗಿ ಬಂದ ಮೇಲೆ ಅಮ್ಮನಿಗೆ ಉಡಿ ತುಂಬದ ಜಾತ್ರೆ ಇದೊಂದೇ. ಅತ್ತಿಗೆಗೆ ಬೇಸರವಾಯಿತು. "ಸೂಜಿ ಹಾಕ್ಕೊಂಡಿದ್ದೀಯಲ್ಲ, ಇನ್ನೇನು ಭಯ?" ಅಂದರು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಸೂಜಿ ಹಾಕಿದರೂ ಕೌಂಟ್ ಇಳಿಯುತ್ತದೆ. ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಬೇಗ ಮೇಲೆ ಬರುತ್ತದೆ, ಅಷ್ಟೇ. ಜ್ವರ ಬಂದರೆ ಸೂಜಿ ಹಾಕಿಸಿಕೊಂಡವರೂ ಓಡಲೇಬೇಕು. ಒಬ್ಬ ಚಿಕ್ಕ ಹುಡುಗನಿಗೆ ಮೂಗು ಸೋರುತ್ತಿತ್ತು. ಅತ್ತೆ ಅತ್ತೆ ಎಂದು ಬಾಗಿಲ ತನಕ ಬಂದವನನ್ನು ಒಳಗೆ ಕರೆಯಲಿಲ್ಲ. ಆ ಸಂಕಟ ಇನ್ನೂ ಇದೆ.

ಬಂದವರು ತಂದ ಪಪ್ಪಾಯಿ ಎಲೆ ರಸ, ಗೋಧಿ ಹುಲ್ಲಿನ ರಸ ಯಾವುದನ್ನೂ ಕುಡಿಯಲಿಲ್ಲ. ಹಸಿ ರಸ ಆ ದಿನಗಳಲ್ಲಿ ಬೇಡವೇ ಬೇಡ ಎಂದಿದ್ದರು ಡಾಕ್ಟರ್. ಬಿಸಿ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಇಷ್ಟೇ. ಬೆಣ್ಣೆ ದೋಸೆ ತಿನ್ನಬೇಕು ಅನ್ನಿಸಿದಾಗ ಮಗಳು ಮನೆಯಲ್ಲೇ ಹುಯ್ದು ಕೊಟ್ಟಳು. ಹೊರಗಿನ ಚಟ್ನಿ ಬೇಡ ಅಂತ. ಹಸಿ ಈರುಳ್ಳಿ ಹಾಕಿದ ಮಂಡಕ್ಕಿಯನ್ನು ಆರು ತಿಂಗಳು ಮುಟ್ಟಲಿಲ್ಲ.

ಮೂರನೇ ಕೀಮೋ ಸರಿಯಾದ ದಿನಕ್ಕೇ ಆಯಿತು. ಅದೇ ದೊಡ್ಡ ಸಮಾಧಾನ. ಈ ಸಲ ಮೂರು ಸೂಜಿ ಆದ ಮೇಲೆ ಕುತೂಹಲಕ್ಕೆ ನಾವೇ ಹತ್ತಿರದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಕೌಂಟ್ 24,600! ಲ್ಯಾಬಿನವರು ಕೆಂಪು ಗೆರೆ ಎಳೆದು ಕೊಟ್ಟಿದ್ದರು. ನೋಡಿದ ನೆಂಟರೊಬ್ಬರು ಬ್ಲಡ್ ಕ್ಯಾನ್ಸರಿನಲ್ಲೂ ಹೀಗೇ ಏರುತ್ತದೆ ಅಂದುಬಿಟ್ಟರು. ಯಜಮಾನರದ್ದು ಇನ್ನೊಂದು ಯೋಚನೆ. "ಇಷ್ಟು ಏರಿದ ಮೇಲೆ ಉಳಿದ ಎರಡು ಯಾಕೆ? 1,740 ರೂಪಾಯಿ ಉಳೀತು." ಪುಣ್ಯಕ್ಕೆ ಫೋನ್ ಮಾಡಿ ಕೇಳಿದೆವು. ಮಜ್ಜೆಯಲ್ಲಿ ಮೊದಲೇ ತಯಾರಾಗಿದ್ದ ಕಣಗಳನ್ನು ಸೂಜಿ ಹೊರಗೆ ತಳ್ಳಿದ್ದಕ್ಕೆ ಬಂದ ಏರಿಕೆ ಅದು, ಒಂದೆರಡು ದಿನದ್ದು. ನಿಜವಾದ ಇಳಿತ ಇನ್ನೂ ಮುಂದಿದೆ, ಬರೆದಷ್ಟನ್ನೂ ಮುಗಿಸಿ ಅಂದರು. ಮುಗಿಸಿದೆವು. ಹತ್ತನೇ ದಿನ ನೋಡಿದರೆ ಕೌಂಟ್ 2,900ಕ್ಕೆ ಬಂದಿತ್ತು. ನಡುವೆ ನಿಲ್ಲಿಸಿದ್ದರೆ ಎಲ್ಲಿಗೆ ಇಳಿಯುತ್ತಿತ್ತೋ.

ನಾಲ್ಕನೇ ಸಲಕ್ಕೆ ಏಪ್ರಿಲ್ ಬಂತು, ಕರೆಂಟ್ ತೆಗೆಯುವುದು ಶುರುವಾಯಿತು. ಒಂದು ಮಧ್ಯಾಹ್ನ ನಾಲ್ಕು ಗಂಟೆ ಕರೆಂಟ್ ಇರಲಿಲ್ಲ. ಇದನ್ನು ಹೇಳಿದಾಗ ಡಾಕ್ಟರ್, ಒಂದೇ ಸೂಜಿಯದ್ದೂ ಇದೆ, ಹಾಕಿಸ್ತೀರಾ ಅಂದರು. ಪೆಗ್‌ಫಿಲ್‌ಗ್ರಾಸ್ಟಿಮ್, 6 ಮಿಲಿಗ್ರಾಂ. ದೇಹದಿಂದ ಬೇಗ ಹೊರಗೆ ಹೋಗದ ಹಾಗೆ ಮಾಡಿದ್ದು, ಒಂದು ಕೀಮೋಗೆ ಒಂದು ಸಾಕು. ಇದಕ್ಕೂ 24 ಗಂಟೆಯ ನಿಯಮವಿದೆ. ಹಾಕಿದ ಮೇಲೆ ಮುಂದಿನ ಕೀಮೋಗೆ 14 ದಿನವಾದರೂ ಅಂತರ ಬೇಕು. ನಮಗೆ 4,200 ರೂಪಾಯಿ ಬಿತ್ತು. ಐದು ದಿನದ ಸೂಜಿಗೆ 4,350, ಮೇಲೆ ಓಡಾಟ. ಮೊದಲೇ ಯಾಕೆ ಕೇಳಲಿಲ್ಲವೋ ಅನ್ನಿಸಿತು. ನೋವು ಇದರಲ್ಲೂ ಬಂತು, ಮೂರು ದಿನ. ಅದು ಯಾಕೆ ಎಂದು ಗೊತ್ತಿದ್ದರಿಂದ ಈ ಸಲ ಹೆದರಲಿಲ್ಲ.

ಮನೆಯಲ್ಲಿ ಹಾಕಿಕೊಂಡ ಈ ಸೂಜಿಗಳಿಗೆ ಕಾರ್ಡಿನಿಂದ ನಮಗೆ ಏನೂ ಸಿಗಲಿಲ್ಲ. ನಿಮ್ಮ ಪ್ಯಾಕೇಜಿನಲ್ಲಿ ಸೇರಿದೆಯಾ, ಡೇ ಕೇರ್‌ನಲ್ಲೇ ಹಾಕಿಸಿದರೆ ಸೇರುತ್ತದಾ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲ ಕೀಮೋ ದಿನವೇ ಕೇಳಿ. ರೇಷನ್ ಕಾರ್ಡ್, ಆಧಾರ್ ಎರಡರದ್ದೂ ನಾಲ್ಕು ನಾಲ್ಕು ಜೆರಾಕ್ಸ್ ಫೈಲಿನಲ್ಲೇ ಇರಲಿ. ಬಿಲ್ಲು ಬಿಸಾಡಬೇಡಿ.

ವಾರಕ್ಕೊಮ್ಮೆಯ ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ನನಗೆ ಈ ಸೂಜಿ ಒಮ್ಮೆಯೂ ಬೇಕಾಗಲಿಲ್ಲ. ಕೌಂಟ್ ಅಷ್ಟು ಇಳಿಯಲಿಲ್ಲ. ಬೆರಳ ತುದಿ ಜೋಮು ಹಿಡಿದು ಕೈಹೊಲಿಗೆ ಹಾಕಲು ಕಷ್ಟವಾಯಿತು, ಅದು ಬೇರೆ ಕಥೆ.

ಸೋಮವಾರ ರೇಡಿಯೇಷನ್ ಮಾರ್ಕಿಂಗ್‌ಗೆ ಬರಲು ಹೇಳಿದ್ದಾರೆ. ಕೇಳಿದೆ, ಅದಕ್ಕೆ ಈ ಸೂಜಿ ಬೇಡವಂತೆ. ಫ್ರಿಜ್ಜಿನ ನಡುವಿನ ಟ್ರೇಯಲ್ಲಿ ಮಗಳು ಮತ್ತೆ ಬೆಣ್ಣೆ ಡಬ್ಬಿ ಇಟ್ಟಿದ್ದಾಳೆ. ಥರ್ಮಾಮೀಟರ್ ಮಾತ್ರ ಇನ್ನೂ ನನ್ನ ದಿಂಬಿನ ಪಕ್ಕದಲ್ಲೇ ಇದೆ.